ಪ್ರಾಚೀನ ಗ್ರೀಸಿನ ತಂತಿವಾದ್ಯಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಲೈರಾ ಬಗ್ಗೆ ನಾನು ಮಾತಾಡೋಕೆ ಶುರು ಮಾಡಿದಾಗೆಲ್ಲ ಸ್ನೇಹಿತರು, ಸಂಗೀತ ಕಲಿಯೋ ಮಕ್ಕಳು, ಅವರ ಅಪ್ಪ ಅಮ್ಮ ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ರೆ ಎಲ್ಲರಿಗೂ ಅನುಕೂಲ ಅಂತ ಬರೀತಿದ್ದೀನಿ. ನಾನು ವೀಣೆ ಕಲಿತವಳು, ಅದಕ್ಕೇ ಹೋಲಿಕೆ ಎಲ್ಲ ವೀಣೆ ಕಡೆಗೇ ಹೋಗುತ್ತೆ.

ಲೈರಾ ಅಂದ್ರೆ ಹಾರ್ಪ್ ತಾನೆ?

ಅಲ್ಲ. ಹಾರ್ಪ್‌ನಲ್ಲಿ ಒಂದೊಂದು ತಂತಿ ಒಂದೊಂದು ಉದ್ದ, ಚಿಕ್ಕ ತಂತಿ ಮೇಲಿನ ಸ್ವರ, ಉದ್ದ ತಂತಿ ಕೆಳಗಿನ ಸ್ವರ. ಲೈರಾದಲ್ಲಿ ಎಲ್ಲ ತಂತೀನೂ ಸುಮಾರು ಒಂದೇ ಉದ್ದ. ಕೆಳಗಡೆ ನಾದ ಹುಟ್ಟೋ ಬುರುಡೆ, ಅದರಿಂದ ಮೇಲಕ್ಕೆ ಎರಡು ಕೈ, ಆ ಎರಡು ಕೈ ಮೇಲೆ ಅಡ್ಡಕ್ಕೆ ಒಂದು ಕೋಲು, ಎತ್ತಿನ ನೊಗ ಇದ್ದ ಹಾಗೆ. ಗ್ರೀಕರು ಅದನ್ನ ಕರೀತಿದ್ದಿದ್ದೂ ನೊಗ ಅಂತಾನೇ, ಅವರ ಮಾತಲ್ಲಿ ಜುಗೋನ್, ನಮ್ಮ ಸಂಸ್ಕೃತದ ಯುಗಕ್ಕೆ ಅಕ್ಕ ತಂಗಿ ಆಗೋ ಪದ. ತಂತಿಗಳು ಆ ನೊಗದಿಂದ ಇಳಿದು ಬಂದು ಕುದುರೆ (ಬುರುಡೆ ಮೇಲೆ ತಂತಿಗೆ ಆಸರೆ ಕೊಡೋ ಪಟ್ಟಿ) ಮೇಲೆ ಕೂತು ಕೆಳಗೆ ಕಟ್ಟಿಸಿಕೊಳ್ತವೆ. ಉದ್ದ ಒಂದೇ ಆದ್ದರಿಂದ ಸ್ವರದ ವ್ಯತ್ಯಾಸ ಬರಬೇಕಾದ್ದು ತಂತಿಯ ದಪ್ಪ ಮತ್ತೆ ಬಿಗಿಯಿಂದ.

ಗ್ರೀಕರಿಗೆ ಹಾರ್ಪ್ ಬೇರೆ ಇತ್ತು. ತ್ರಿಕೋನ ಆಕಾರದ ತ್ರಿಗೋನೋನ್, ಆಮೇಲೆ ಪೆಕ್ಟಿಸ್, ಮಗಾದಿಸ್ ಅಂತೆಲ್ಲ ಹೆಸರು ಬರುತ್ತೆ. ಆದ್ರೆ ಅವರ ಸಂಸ್ಕೃತಿಯ ನಡುಮನೇಲಿ ಕೂತಿದ್ದು ಲೈರಾ ಮನೆತನದ ವಾದ್ಯಗಳು.

ಲೈರಾ, ಕಿಥಾರಾ, ಫೋರ್ಮಿಂಕ್ಸ್, ಬಾರ್ಬಿಟೋಸ್... ಎಲ್ಲ ಒಂದೇನಾ?

ಒಂದೇ ಮನೆತನ, ಆದ್ರೆ ಒಬ್ಬೊಬ್ಬರ ಕೆಲಸ ಒಂದೊಂದು. ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಫೋರ್ಮಿಂಕ್ಸ್ ಗ್ರೀಕ್ ಕವಿ ಹೋಮರನ ಕಾವ್ಯಗಳಾದ ಇಲಿಯಡ್, ಒಡಿಸ್ಸಿಯ ವಾದ್ಯ. ತಳ ಗುಂಡಗೆ. ಕ್ರಿ.ಪೂ. 8ನೇ ಶತಮಾನದ ಮಡಿಕೆ ಚಿತ್ರಗಳಲ್ಲಿ ಎಷ್ಟೋ ಸಲ ನಾಲ್ಕೇ ತಂತಿ ಕಾಣುತ್ತೆ. ಇಲಿಯಡ್‌ನ 9ನೇ ಭಾಗದಲ್ಲಿ ಅಖಿಲೀಸ್ ಯುದ್ಧ ಬಿಟ್ಟು ಮುನಿಸಿಕೊಂಡು ತನ್ನ ಬಿಡಾರದಲ್ಲಿ ಕೂತಿರ್ತಾನಲ್ಲ, ಅವನನ್ನ ಒಪ್ಪಿಸೋಕೆ ಬಂದವರಿಗೆ ಕಾಣೋದು ಏನು ಗೊತ್ತಾ? ಬೆಳ್ಳಿ ನೊಗದ ಫೋರ್ಮಿಂಕ್ಸ್ ಹಿಡಿದು ವೀರರ ಕಥೆ ಹಾಡ್ತಾ ಕೂತಿರ್ತಾನೆ. ಅದು ಒಂದು ಊರನ್ನ ಗೆದ್ದಾಗ ಕೊಳ್ಳೆಯಲ್ಲಿ ಸಿಕ್ಕಿದ್ದು. ಅಷ್ಟು ದೊಡ್ಡ ಯೋಧ, ಕೋಪಾನ ತಂತಿ ಮೇಲೆ ಇಳಿಸ್ತಿದ್ದಾನೆ. ನನಗೆ ಇಡೀ ಇಲಿಯಡ್‌ನಲ್ಲಿ ತುಂಬ ಹತ್ತಿರ ಅನ್ನಿಸೋ ಜಾಗ ಅದು.

ಲೈರಾ ಮನೆ ವಾದ್ಯ, ಹಗುರ, ಆಮೆ ಚಿಪ್ಪಿಂದು, ಹುಡುಗರು ಪಾಠ ಕಲೀತಿದ್ದಿದ್ದು ಇದರಲ್ಲೇ. ಕಿಥಾರಾ ವೇದಿಕೆ ವಾದ್ಯ, ದೊಡ್ಡದು, ಪೂರ್ತಿ ಮರದ ಪೆಟ್ಟಿಗೆ, ತಳ ಚಪ್ಪಟೆ, ಭಾರ ಜಾಸ್ತಿ ಆದ್ದರಿಂದ ಎಡ ಮಣಿಕಟ್ಟಿಗೆ ಒಂದು ಪಟ್ಟಿ ಹಾಕಿ ಬಿಗಿದುಕೊಂಡು ನಿಂತು ನುಡಿಸೋರು, ಸ್ಪರ್ಧೆಗೆ ಬರೋ ವೃತ್ತಿಪರರ ಕೈಯಲ್ಲೇ ಇದು ಜಾಸ್ತಿ. ಬಾರ್ಬಿಟೋಸ್ ಉದ್ದ ಕೈಗಳ ಲೈರಾ, ತಂತಿ ಉದ್ದ ಆದ್ದರಿಂದ ಮಂದ್ರ ಸ್ವರ, ರಾತ್ರಿ ಊಟ ಆದ ಮೇಲೆ ಗಂಡಸರು ದ್ರಾಕ್ಷಾರಸ ಕುಡೀತಾ ಹಾಡೋ ಕೂಟಗಳಲ್ಲಿ ಇದೇ. ಸಾಫೊ, ಅಲ್ಕೇಯಸ್, ಅನಾಕ್ರಿಯಾನ್ ಈ ಕವಿಗಳ ಹೆಸರು ಬಾರ್ಬಿಟೋಸ್ ಜೊತೆಗೇ ಬರುತ್ತೆ.

ಆಮೆ ಚಿಪ್ಪು ಅನ್ನೋದು ಬರೀ ಪುರಾಣನಾ, ನಿಜವಾಗ್ಲೂ ಬಳಸ್ತಿದ್ರಾ?

ಎರಡೂ ನಿಜ. ಪುರಾಣದಲ್ಲಿ ಹರ್ಮೀಸ್ ಅನ್ನೋ ದೇವರು ಬೆಳಗ್ಗೆ ಹುಟ್ತಾನೆ, ಮಧ್ಯಾಹ್ನದ ಹೊತ್ತಿಗೆ ಲೈರಾ ನುಡಿಸ್ತಾನೆ, ಸಂಜೆ ಅಣ್ಣ ಅಪೊಲೊನ ಹಸುಗಳನ್ನ ಕದೀತಾನೆ. ತೊಟ್ಟಿಲಿಂದ ಎದ್ದು ಹೊಸ್ತಿಲು ದಾಟೋ ಹೊತ್ತಿಗೆ ಹುಲ್ಲು ಮೇಯ್ತಿರೋ ಆಮೆ ಸಿಗುತ್ತೆ. ಅದರ ಚಿಪ್ಪು ಖಾಲಿ ಮಾಡಿ, ಜೊಂಡಿನ ಕಡ್ಡಿ ಅಳತೆಗೆ ಕತ್ತರಿಸಿ ಸೇರಿಸಿ, ಎತ್ತಿನ ಚರ್ಮ ಎಳೆದು ಕಟ್ಟಿ, ಎರಡು ಕೈ ಇಟ್ಟು, ನೊಗ ಹಾಕಿ, ಕುರಿ ಕರುಳಿನ ಏಳು ತಂತಿ ಬಿಗೀತಾನೆ. ಕಳ್ಳತನ ಸಿಕ್ಕಿಬಿದ್ದ ಮೇಲೆ ಅಪೊಲೊನ ಕೋಪ ಇಳಿಯೋದು ಈ ವಾದ್ಯ ಕೇಳಿದ ಮೇಲೇನೇ, ಹರ್ಮೀಸ್ ಅದನ್ನ ಅವನಿಗೇ ಕೊಟ್ಟುಬಿಡ್ತಾನೆ. ಓದಿದ್ರೆ ಗೊತ್ತಾಗುತ್ತೆ, ಇದು ಕಥೆ ರೂಪದಲ್ಲಿರೋ ತಯಾರಿಕೆ ವಿಧಾನ.

ಇನ್ನು ಪುರಾವೆ. 1981ರಲ್ಲಿ ಅಥೆನ್ಸ್‌ನ ದಾಫ್ನಿ ಅನ್ನೋ ಕಡೆ ಒಂದು ಸಮಾಧಿ ಸಿಕ್ತು, ಕ್ರಿ.ಪೂ. 5ನೇ ಶತಮಾನದ ಕೊನೆ ಭಾಗದ್ದು. ಅದರೊಳಗೆ ಆಮೆ ಚಿಪ್ಪಿನ ಲೈರಾದ ಚೂರುಗಳು, ಒಂದು ತ್ರಿಕೋನ ಹಾರ್ಪ್, ಔಲೋಸ್ ಅನ್ನೋ ಊದೋ ವಾದ್ಯ, ಬರೆಯೋ ಹಲಗೆಗಳು, ಪಪೈರಸ್ (ಜೊಂಡಿನ ಕಾಗದ) ಸುರುಳಿ, ಎಲ್ಲ ಒಟ್ಟಿಗೆ. ಯಾರೋ ಹಾಡೋರು, ಬರೆಯೋರು ಇದ್ದಿರಬೇಕು, ಅವರ ಸಾಮಾನೆಲ್ಲ ಜೊತೆಗೇ ಇಟ್ಟು ಕಳಿಸಿದ್ದಾರೆ. ಈಗ ಪಿರೇಯಸ್ ಮ್ಯೂಸಿಯಂನಲ್ಲಿದೆ.

ತಂತಿ ಬಿಗಿ ಮಾಡೋ ಬಿರಡೆ ಇಲ್ಲದೆ ಶ್ರುತಿ ಹೇಗೆ ಮಾಡ್ತಿದ್ರು?

ನನಗೆ ತುಂಬ ಇಷ್ಟದ ಪ್ರಶ್ನೆ. ಎತ್ತಿನ ಕುತ್ತಿಗೆ ಭಾಗದ ಒರಟು ಚರ್ಮಾನ ಕೊಬ್ಬಿನ ಜಿಡ್ಡು ಇರೋ ಹಾಗೇ ಪಟ್ಟಿ ಪಟ್ಟಿ ಕತ್ತರಿಸಿ ತಂತಿ ಜೊತೆ ನೊಗಕ್ಕೆ ಸುತ್ತೋರು. ಇದಕ್ಕೆ ಕೊಲ್ಲೋಪೆಸ್ ಅಂತ ಹೆಸರು, ಒಂದೇ ಆದ್ರೆ ಕೊಲ್ಲೋಪ್ಸ್. ಸುತ್ತನ್ನ ಕೈಯಲ್ಲಿ ಹಿಡಿದು ತಿರುಗಿಸಿದ್ರೆ ತಂತಿ ಬಿಗಿ ಆಗುತ್ತೆ, ಬಿಟ್ರೆ ಚರ್ಮದ ಹಿಡಿತಕ್ಕೆ ಅಲ್ಲೇ ನಿಲ್ಲುತ್ತೆ. ಒಡಿಸ್ಸಿಯ 21ನೇ ಭಾಗದಲ್ಲಿ ಒಡಿಸ್ಯೂಸ್ ತನ್ನ ಬಿಲ್ಲಿಗೆ ಹೆದೆ ಏರಿಸೋದನ್ನ ಹೋಮರ್ ವರ್ಣಿಸೋದೇ ಹೀಗೆ, ಪಳಗಿದ ಹಾಡುಗಾರ ಹೊಸ ಕೊಲ್ಲೋಪ್ಸ್ ಮೇಲೆ ಕರುಳಿನ ತಂತಿ ಎಳೆದು ಕಟ್ಟಿದಷ್ಟು ಸಲೀಸಾಗಿ ಏರಿಸಿದ ಅಂತ. ಆಮೇಲೆ ಹೆದೆ ಮೀಟಿ ನೋಡ್ತಾನೆ, ಅದು ಬಾನಾಡಿ ಹಕ್ಕಿ ಕೂಗಿದ ಹಾಗೆ ಸದ್ದು ಮಾಡುತ್ತೆ.

ನಾನು ಮನೇಲಿ ಒಂದು ಮಾಡಿ ನೋಡಿದೆ. ಸೋರೆ ಬುರುಡೆ, ಮೇಲೆ ಮೇಕೆ ಚರ್ಮ, ಎರಡು ಬಾಗಿದ ಕೊಂಬೆ, ಅಡ್ಡಕ್ಕೆ ಬೀಟೆ ಕಡ್ಡಿ. ಮೊದಲು ಚೆನ್ನಾಗಿ ಹದ ಮಾಡಿದ ಮೆತ್ತನೆ ಚರ್ಮದ ಪಟ್ಟಿ ಸುತ್ತಿದೆ, ಒಂದೇ ಒಂದು ಸಲ ಮೀಟಿದ್ರೂ ತಂತಿ ಜಾರಿ ಸ್ವರ ಇಳಿಯೋದು. ಆಮೇಲೆ ಹದ ಮಾಡದೆ ಇರೋ ಹಸಿ ಚರ್ಮದ ಪಟ್ಟಿ ಸುತ್ತಿ ಒಣಗೋಕೆ ಬಿಟ್ಟೆ, ಮಾರನೇ ದಿನ ನೋಡಿದ್ರೆ ಕಲ್ಲಿನ ಥರ ಕಚ್ಚಿಕೊಂಡಿದೆ, ಅಂಗೈಯಲ್ಲಿ ಇಡೀ ಸುತ್ತನ್ನ ಒತ್ತಿ ತಿರುಗಿಸಿದ್ರೆ ಒಂದು ಕೂದಲೆಳೆಯಷ್ಟು ಸರಿಯುತ್ತೆ, ಅಷ್ಟಕ್ಕೇ ಸ್ವರ ಕೂತುಬಿಡುತ್ತೆ. ಕುತ್ತಿಗೆ ಚರ್ಮಾನೇ ಯಾಕೆ ಬೇಕಿತ್ತು ಅಂತ ಅವತ್ತು ನನ್ನ ಕೈಗೇ ಗೊತ್ತಾಯ್ತು.

(ದಯವಿಟ್ಟು ಯಾರೂ ಆಮೆ ಹುಡುಕ್ಕೊಂಡು ಹೋಗಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಕ್ಷತ್ರ ಆಮೆ ಹಿಡಿಯೋದೂ ಅಪರಾಧ, ಮನೇಲಿ ಇಟ್ಟುಕೊಳ್ಳೋದೂ ಅಪರಾಧ. ಬುರುಡೆ ಸಾಕು.)

ಏಳು ತಂತಿ ಅಂದ್ರೆ ಏಳೇ ಸ್ವರಾನಾ? ಮೆಟ್ಟಿಲಿಲ್ಲದೆ ಗಮಕ ಹೇಗೆ?

ಒಂದು ತಂತಿಗೆ ಒಂದು ಸ್ವರ ಅಂತಾನೇ ಮುಖ್ಯವಾಗಿ. ವೀಣೇಲಿ ಒಂದೇ ತಂತೀನ 24 ಮೆಟ್ಟಿಲ ಮೇಲೆ ಒತ್ತಿ ಎಳೆದು ಏನೆಲ್ಲ ತೆಗೀತೀವಿ, ಲೈರಾದಲ್ಲಿ ತಂತಿ ಹಿಂದೆ ಒತ್ತೋಕೆ ದಂಡಾನೇ ಇಲ್ಲ, ಹಾಗಾಗಿ ನಮ್ಮ ಗಮಕ ಅದರಲ್ಲಿ ಹುಡುಕಬಾರದು. ಅದರ ಸೊಗಸು ಬೇರೆ ಕಡೆ ಇದೆ.

ಬಲಗೈಯಲ್ಲಿ ಪ್ಲೆಕ್ಟ್ರಾನ್, ಗಿಟಾರ್‌ನವರು ಪಿಕ್ ಅಂತಾರಲ್ಲ ಅದರ ದೊಡ್ಡಣ್ಣ, ದಾರ ಕಟ್ಟಿ ವಾದ್ಯಕ್ಕೇ ತೂಗಿಬಿಟ್ಟಿರ್ತಾರೆ. ಎಡಗೈ ಬೆರಳು ತಂತಿಗಳ ಹಿಂದೆ. ಬಲಗೈ ಎಲ್ಲ ತಂತಿ ಮೇಲೂ ಒಂದೇ ಸಲ ಬೀಸಿ ಹೋಗುವಾಗ ಎಡಗೈ ಬೆರಳುಗಳು ಬೇಡದ ತಂತಿಗಳನ್ನ ಮುಟ್ಟಿ ಸುಮ್ಮನಿರಿಸ್ತವೆ, ಬೇಕಾದ್ದು ಮಾತ್ರ ಮೊಳಗುತ್ತೆ. ಎಡಗೈಯಲ್ಲೇ ಬಿಡಿಬಿಡಿಯಾಗಿ ಮೀಟೋದೂ ಇತ್ತು. ಈ ಮುಚ್ಚಿ ಬಿಡೋ ವಿದ್ಯೆ ಇವತ್ತಿಗೂ ನೋಡಬೇಕು ಅಂದ್ರೆ ಇಥಿಯೋಪಿಯಾದ ಕ್ರಾರ್ ನುಡಿಸೋರನ್ನ ನೋಡಿ, ಅದೂ ಲೈರಾ ಮನೆತನದ್ದೇ, ಇನ್ನೂ ಬದುಕಿರೋ ವಾದ್ಯ.

ಇನ್ನೊಂದು ವಿಷಯ. ಅವರಲ್ಲಿ ತಂತಿ ಬಿಗಿಯೋ ರೀತಿ ಬದಲಿಸಿ ಸ್ವರಗಳ ಮಧ್ಯದ ಅಂತರ ಬದಲಿಸ್ತಿದ್ರು. ನಾಲ್ಕು ಸ್ವರದ ಒಂದು ಗುಂಪು, ಅದರ ಎರಡು ತುದಿ ಅಲ್ಲಾಡಲ್ಲ, ಒಳಗಿನ ಎರಡು ಸ್ವರ ಸರಿದಾಡ್ತವೆ. ಎನ್‌ಹಾರ್ಮೋನಿಕ್ ಅನ್ನೋ ಪದ್ಧತೀಲಿ ಅವು ಅರ್ಧ ಸ್ವರದ ಅರ್ಧದಷ್ಟು ಹತ್ತಿರಕ್ಕೆ ಬರ್ತವೆ. ಸ್ವರಗಳ ಸೂಕ್ಷ್ಮ ವ್ಯತ್ಯಾಸ ಕೇಳಿ ಅಭ್ಯಾಸ ಇರೋ ನಮ್ಮ ಕಿವಿಗೆ ಇದು ಪಿಯಾನೋ ಕಿವಿಗಿಂತ ಬೇಗ ಅರ್ಥ ಆಗುತ್ತೆ.

ತಂತಿಗಳಿಗೆ ಹೆಸರಿತ್ತಾ?

ಇತ್ತು, ತಂತಿ ಹೆಸರೇ ಆಮೇಲೆ ಸ್ವರದ ಹೆಸರೂ ಆಯ್ತು. ಹುಪಾತೆ ಅಂದ್ರೆ ಎಲ್ಲಕ್ಕಿಂತ ಮೇಲಿನದು, ಆದ್ರೆ ಅದು ಎಲ್ಲಕ್ಕಿಂತ ಕೆಳಗಿನ ಸ್ವರ! ವಾದ್ಯ ಹಿಡಿಯುವಾಗ ಆ ತಂತಿ ಇರೋ ಜಾಗ ನೋಡಿ ಇಟ್ಟ ಹೆಸರು ಅದು, ಗಿಟಾರ್ ಹಿಡಿದಾಗ ದಪ್ಪ ತಂತಿ ಮೇಲಕ್ಕೆ ಬರುತ್ತಲ್ಲ ಹಾಗೆ. ನಡುವಿನದು ಮೆಸೆ, ಕೊನೇದು ನೇತೆ. ಲಿಖಾನೋಸ್ ಅಂತ ಒಂದಿದೆ, ಅಂದ್ರೆ ತೋರುಬೆರಳು. ಆ ಬೆರಳು ಮುಟ್ಟೋ ತಂತಿ ಅಂತ. ಸಿದ್ಧಾಂತದ ಪುಸ್ತಕಗಳಲ್ಲಿ ಎಷ್ಟೋ ಕಾಲ ಆದ ಮೇಲೂ ಒಂದು ಸ್ವರ ತೋರುಬೆರಳು ಅಂತಾನೇ ಉಳಿದುಬಿಡ್ತು.

ಪೈಥಾಗೊರಸ್ ಕಮ್ಮಾರನ ಸುತ್ತಿಗೆ ಸದ್ದು ಕೇಳಿ ಸ್ವರದ ಲೆಕ್ಕ ಕಂಡುಹಿಡಿದ ಅನ್ನೋದು ನಿಜನಾ?

ಲೆಕ್ಕ ನಿಜ, ಸುತ್ತಿಗೆ ಕಥೆ ನಿಜ ಅಲ್ಲ. ತಂತೀನ ಅರ್ಧಕ್ಕೆ ಒತ್ತಿದ್ರೆ ಮೇಲಿನ ಷಡ್ಜ, 2:1. ಮೂರರಲ್ಲಿ ಎರಡು ಭಾಗ ಉಳಿಸಿದ್ರೆ ಪಂಚಮ, 3:2. ನಾಲ್ಕರಲ್ಲಿ ಮೂರು ಉಳಿಸಿದ್ರೆ ಶುದ್ಧ ಮಧ್ಯಮ, 4:3. ವೀಣೆ ಇದ್ರೆ ಅಳೆದು ನೋಡಿ, ಮೇಲಿನ ಸ ಮೆಟ್ಟಿಲು ತಂತಿಯ ಎರಡು ತುದಿಯ ಆಸರೆಗಳಾದ ಕುದುರೆಗೂ ಮೇರುವಿಗೂ ಸರಿಯಾಗಿ ನಡುಮಧ್ಯ ಇರುತ್ತೆ. ಇದಕ್ಕೆ ಅಂತಾನೇ ಒಂದೇ ತಂತಿಯ ಕನೋನ್ ಅನ್ನೋ ಸಾಧನ ಇತ್ತು.

ಕಥೇಲಿ 12, 9, 8, 6ರ ತೂಕದ ಸುತ್ತಿಗೆಗಳು ಬರ್ತವೆ, ಆಮೇಲೆ ಅದೇ ತೂಕಗಳನ್ನ ತಂತಿಗೆ ತೂಗುಹಾಕಿದ್ರೆ ಅದೇ ಸ್ವರ ಬಂತು ಅಂತಾರೆ. ಬರಲ್ಲ. ಬಿಗಿ ಎರಡು ಪಟ್ಟು ಮಾಡಿದ್ರೆ ಮೇಲಿನ ಸ ಬರಲ್ಲ, ನಾಲ್ಕು ಪಟ್ಟು ಬೇಕು. ಇದನ್ನ ತೂಕ ಕಟ್ಟಿ ಪರೀಕ್ಷೆ ಮಾಡಿ ತೋರಿಸಿದ್ದು 16ನೇ ಶತಮಾನದ ವಿಂಚೆಂಜೊ ಗೆಲಿಲಿ, ಲ್ಯೂಟ್ ವಾದಕ, ವಿಜ್ಞಾನಿ ಗೆಲಿಲಿಯೊನ ಅಪ್ಪ. ಗ್ರೀಕರಲ್ಲೇ ಅರಿಸ್ಟಾಕ್ಸೆನಸ್ ಅಂತ ಒಬ್ಬ ಇದ್ದ, ಕ್ರಿ.ಪೂ. 4ನೇ ಶತಮಾನ, ಸಂಗೀತಕ್ಕೆ ಬರೀ ಲೆಕ್ಕ ಸಾಲದು, ಕಿವಿ ಏನು ಹೇಳುತ್ತೆ ಅದೇ ಮುಖ್ಯ ಅಂದ. ನಾನು ಅವನ ಪಕ್ಷ.

ಎಲ್ಲರೂ ಕಲೀತಿದ್ರಾ?

ಅಥೆನ್ಸ್‌ನಲ್ಲಿ ಅನುಕೂಲಸ್ಥರ ಗಂಡು ಮಕ್ಕಳಿಗೆ ಇದು ಪಾಠದ ಭಾಗ. ಬರ್ಲಿನ್‌ನಲ್ಲಿ ದೂರಿಸ್ ಅನ್ನೋ ಚಿತ್ರಕಾರನ ಒಂದು ಬಟ್ಟಲಿದೆ, ಸುಮಾರು ಕ್ರಿ.ಪೂ. 480ರದ್ದು, ಅದರಲ್ಲಿ ಮೇಷ್ಟ್ರೂ ಹುಡುಗನೂ ಎದುರುಬದುರು ಕೂತಿದ್ದಾರೆ, ಇಬ್ಬರ ಕೈಯಲ್ಲೂ ಲೈರಾ. ನಮ್ಮ ಪಾಠಾಂತರದ ಥರಾನೇ, ಗುರುವಿನ ಕೈ ನೋಡಿ ಶಿಷ್ಯ ನುಡಿಸೋದು. ಪರ್ಶಿಯನ್ನರ ವಿರುದ್ಧ ಸಲಾಮಿಸ್ ಯುದ್ಧ ಗೆಲ್ಲಿಸಿಕೊಟ್ಟ ಅಥೆನ್ಸಿನ ಸೇನಾಪತಿ ಥೆಮಿಸ್ಟೊಕ್ಲೀಸ್‌ಗೆ ಲೈರಾ ಬರ್ತಿರಲಿಲ್ಲ, ಅದಕ್ಕೆ ಜನ ಅವನನ್ನ ಸಂಸ್ಕಾರ ಕಮ್ಮಿ ಅಂದ್ರಂತೆ.

ಕ್ರಿ.ಪೂ. 423ರ ಅರಿಸ್ಟೊಫೇನೀಸ್‌ನ ‘ಮೋಡಗಳು’ ನಾಟಕದಲ್ಲಿ ಅಪ್ಪ ಊಟ ಆದ ಮೇಲೆ ಮಗನಿಗೆ ಲೈರಾ ಎತ್ಕೊಂಡು ಹಳೇ ಕವಿ ಸಿಮೋನಿಡೀಸ್‌ನ ಹಾಡು ಹಾಡಪ್ಪಾ ಅಂತಾನೆ, ಮಗ ಅದೆಲ್ಲ ಹಳೇ ಕಾಲದ್ದು ಅಂತ ಒಪ್ಪಲ್ಲ. ಯಾವ ಮನೇಲಿ ನಡೆಯಲ್ಲ ಹೇಳಿ ಇದು.

ಹೆಂಗಸರು ನುಡಿಸ್ತಿದ್ರಾ?

ಧಾರಾಳವಾಗಿ. ಲೆಸ್ಬೋಸ್ ದ್ವೀಪದ ಸಾಫೊ ಹಾಡಿದ್ದೇ ತಂತಿ ಜೊತೆ. ಮ್ಯೂನಿಕ್‌ನಲ್ಲಿರೋ ಒಂದು ಪಾತ್ರೆ ಮೇಲೆ ಸಾಫೊ, ಅಲ್ಕೇಯಸ್ ಇಬ್ಬರೂ ಬಾರ್ಬಿಟೋಸ್ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಹೆಸರೂ ಬರೆದಿದೆ. ಮನೆ ಒಳಗೆ ಹೆಂಗಸರು ಲೈರಾ, ಹಾರ್ಪ್ ನುಡಿಸೋ ಚಿತ್ರಗಳು ಬೇಕಾದಷ್ಟಿವೆ.

ಆದ್ರೆ ಇನ್ನೊಂದು ಮುಖಾನೂ ಹೇಳಬೇಕು. ಕೂಟಗಳಿಗೆ ಬಾಡಿಗೆಗೆ ಕರೆಸ್ತಿದ್ದ ಹುಡುಗೀರು, ಅವರಲ್ಲಿ ಎಷ್ಟೋ ಜನ ಗುಲಾಮರು. ಅಥೆನ್ಸ್‌ನಲ್ಲಿ ಔಲೋಸ್, ಹಾರ್ಪ್, ಕಿಥಾರಾ ನುಡಿಸೋ ಹುಡುಗೀರಿಗೆ ಎರಡು ದ್ರಾಖ್ಮಾಕ್ಕಿಂತ (ಅವರ ಬೆಳ್ಳಿ ನಾಣ್ಯ) ಜಾಸ್ತಿ ಯಾರೂ ಕೊಡಬಾರದು ಅಂತ ನಿಯಮ ಇತ್ತು, ಒಬ್ಬಳಿಗೇ ಇಬ್ಬರು ಮೂವರು ಬಂದ್ರೆ ಅಧಿಕಾರಿಗಳು ಚೀಟಿ ಎತ್ತಿ ತೀರ್ಮಾನ ಮಾಡ್ತಿದ್ರು. ಅಥೆನ್ಸಿನ ಆಡಳಿತದ ಬಗ್ಗೆ ಅರಿಸ್ಟಾಟಲ್ ಹೆಸರಲ್ಲಿ ಉಳಿದಿರೋ ಗ್ರಂಥದಲ್ಲೇ ಇದು ಇದೆ. ಹೂದಾನಿ ಮೇಲಿನ ಚಂದದ ಚಿತ್ರ ನೋಡುವಾಗ ನನಗೆ ಈ ಸಾಲು ಜ್ಞಾಪಕ ಬರದೇ ಇರಲ್ಲ, ಮನಸ್ಸು ಭಾರ ಆಗುತ್ತೆ.

ಇದರಲ್ಲಿ ದುಡ್ಡಿತ್ತಾ?

ಗೆದ್ದವರಿಗೆ ಚೆನ್ನಾಗೇ ಇತ್ತು. ಅಥೆನ್ಸ್‌ನ ಪನಥೇನಿಯಾ ಉತ್ಸವದ ಬಹುಮಾನದ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದು ಸಿಕ್ಕಿದೆ, ಕ್ರಿ.ಪೂ. 4ನೇ ಶತಮಾನದ್ದು. ಕಿಥಾರಾ ನುಡಿಸ್ತಾ ಹಾಡೋರಲ್ಲಿ ಮೊದಲನೇ ಸ್ಥಾನಕ್ಕೆ 1000 ದ್ರಾಖ್ಮಾದ ಚಿನ್ನದ ಕಿರೀಟ, ಮೇಲೆ 500 ದ್ರಾಖ್ಮಾ ಬೆಳ್ಳಿ. ಆ ಬಾಡಿಗೆ ಹುಡುಗಿಯ ಎರಡು ದ್ರಾಖ್ಮಾ ಪಕ್ಕದಲ್ಲಿಟ್ಟು ನೋಡಿ.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸುಮಾರು ಕ್ರಿ.ಪೂ. 490ರ ಒಂದು ಹೂದಾನಿ ಇದೆ. ಪೂರ್ತಿ ಕಪ್ಪು, ಅದರ ಮೇಲೆ ಒಬ್ಬನೇ ಹಾಡುಗಾರ. ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಬಲಗೈ ಮೀಟಿ ಈಗಷ್ಟೇ ದೂರ ಹೋಗಿದೆ, ಕಿಥಾರಾದಿಂದ ಇಳಿಬಿಟ್ಟ ಬಟ್ಟೆ ಓಲಾಡ್ತಿದೆ. ಹಾಡೋ ಮನುಷ್ಯ ತನ್ನನ್ನೇ ಮರೆತ ಕ್ಷಣ. ಒಳ್ಳೆ ಕಛೇರಿ ಕೇಳಿರೋರು ಯಾರಾದ್ರೂ ಆ ಮುಖ ಗುರುತಿಸ್ತಾರೆ.

ತಂತಿ ಜಾಸ್ತಿ ಮಾಡಿದ್ದಕ್ಕೆ ಶಿಕ್ಷೆ ಕೊಟ್ರಂತೆ, ಹೌದಾ?

ಮಿಲೇಟಸ್‌ನ ತಿಮೋಥಿಯಸ್ ಅನ್ನೋ ಕಿಥಾರಾ ಹಾಡುಗಾರನ ಕಥೆ ಇದು. ಏಳು ತಂತಿಗೆ ಇನ್ನೂ ನಾಲ್ಕು ಸೇರಿಸಿಕೊಂಡು ಸ್ಪಾರ್ಟಾಗೆ ಹೋದ, ಅಲ್ಲಿಯವರು ತಪ್ಪು ಅಂತ ತೀರ್ಮಾನಿಸಿ ಅವನ ಕಿಥಾರಾನ ಸಭಾಭವನದಲ್ಲಿ ನೇತುಹಾಕಿದ್ರು ಅಂತ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೀತಾನೆ. ಸ್ಪಾರ್ಟಾದವರಿಗೆ ಏಳು ತಂತಿ ಅಂದ್ರೆ ತೆರ್ಪಾಂಡರ್, ಕ್ರಿ.ಪೂ. 7ನೇ ಶತಮಾನದಲ್ಲಿ ಲೆಸ್ಬೋಸ್‌ನಿಂದ ಬಂದು ಅವರ ಉತ್ಸವದಲ್ಲಿ ಗೆದ್ದವನು, ಅದನ್ನ ಮುಟ್ಟೋದು ಅಂದ್ರೆ ಅವರಿಗೆ ಸಂಪ್ರದಾಯಾನೇ ಮುಟ್ಟಿದ ಹಾಗೆ. ಫೆರೆಕ್ರಾಟೀಸ್‌ನ ನಾಟಕದಲ್ಲಂತೂ ಸಂಗೀತಾನೇ ಹೆಂಗಸಿನ ರೂಪದಲ್ಲಿ ಬಂದು ತಿಮೋಥಿಯಸ್ ಥರದ ಹೊಸಬರೆಲ್ಲ ಸೇರಿ ನನ್ನನ್ನ ಹಾಳು ಮಾಡಿದ್ರು ಅಂತ ಗೋಳಾಡ್ತಾಳೆ. ಅದೇ ತಿಮೋಥಿಯಸ್‌ನ ‘ಪರ್ಶಿಯನ್ನರು’ ಹಾಡಿನ ದೊಡ್ಡ ಭಾಗ 1902ರಲ್ಲಿ ಈಜಿಪ್ಟ್‌ನ ಅಬುಸಿರ್‌ನಲ್ಲಿ ಪಪೈರಸ್ ಮೇಲೆ ಸಿಕ್ತು, ಬೈದವರ ಹಾಡುಗಳು ಎಷ್ಟೋ ಕಳೆದುಹೋದವು.

ಪ್ಲೇಟೊನೂ ತನ್ನ ಆದರ್ಶ ನಗರಕ್ಕೆ ಬಹಳ ತಂತಿಯ ವಾದ್ಯ ಬೇಡ ಅಂದ, ಲೈರಾ, ಕಿಥಾರಾ ಸಾಕು, ಕುರುಬರಿಗೆ ಒಂದು ಕೊಳಲು. ಅರಿಸ್ಟಾಟಲ್ ಇನ್ನೂ ಮುಂದೆ ಹೋಗಿ ಮಕ್ಕಳ ಶಿಕ್ಷಣಕ್ಕೆ ಕಿಥಾರಾನೂ ಬೇಡ, ಅದು ವೃತ್ತಿಯವರದ್ದು ಅಂದ. ಇಬ್ಬರೂ ದೊಡ್ಡವರು, ಆದ್ರೂ ಈ ವಿಷಯದಲ್ಲಿ ಇಬ್ಬರನ್ನೂ ನಾನು ಒಪ್ಪಲ್ಲ.

ಗಿಟಾರ್, ಸಿತಾರ್ ಎರಡೂ ಕಿಥಾರಾದಿಂದ ಬಂದಿದ್ದಾ?

ಗಿಟಾರ್ ಅನ್ನೋ ಪದ ಹೌದು, ಅರಬ್ಬಿ, ಸ್ಪ್ಯಾನಿಷ್ ದಾಟಿಕೊಂಡು ಬಂತು. ವಾದ್ಯ ಮಾತ್ರ ಬೇರೆ ಜಾತಿ. ಸಿತಾರ್ ಪಾರ್ಸಿಯ ಸೆ-ತಾರ್, ಅಂದ್ರೆ ಮೂರು ತಂತಿ. ವೀಣೆ, ಗಿಟಾರ್ ಥರ ದಂಡದ ಮೇಲೆ ಒತ್ತಿ ನುಡಿಸೋ ವಾದ್ಯ ಗ್ರೀಕರಲ್ಲಿ ತಡವಾಗಿ ಬಂತು, ಹೆಸರು ಪಂದೂರಾ. ಮಂತಿನೇಯಾದಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಶಿಲ್ಪದಲ್ಲಿ ಒಬ್ಬ ಕಲಾದೇವಿ ಬಂಡೆ ಮೇಲೆ ಕೂತು ಅಂಥದ್ದನ್ನೇ ನುಡಿಸ್ತಿದ್ದಾಳೆ.

ರೋಮ್ ಉರಿಯುವಾಗ ನೀರೋ ಪಿಟೀಲು...

ಪಿಟೀಲು ಹುಟ್ಟಿದ್ದು 16ನೇ ಶತಮಾನದಲ್ಲಿ, ಬೆಂಕಿ ಬಿದ್ದಿದ್ದು ಕ್ರಿ.ಶ. 64ರಲ್ಲಿ. ನೀರೋ ನುಡಿಸ್ತಿದ್ದಿದ್ದು ಕಿಥಾರಾ, ಕ್ರಿ.ಶ. 66-67ರಲ್ಲಿ ಗ್ರೀಸಿಗೇ ಹೋಗಿ ಸ್ಪರ್ಧೆಗಳಲ್ಲಿ ಹಾಡಿದ. ಕಮಾನು ಹಾಕಿ ಉಜ್ಜೋ ವಾದ್ಯ ಪ್ರಾಚೀನ ಗ್ರೀಕರಲ್ಲಿ ಇರಲೇ ಇಲ್ಲ. ಇವತ್ತಿನ ಕ್ರೀಟ್ ದ್ವೀಪದ ಲೈರಾ ಕಮಾನಿನದು, ಹೆಸರು ಮಾತ್ರ ಹಳೇದು.

ಆ ಸಂಗೀತ ಈಗ ಕೇಳೋಕೆ ಆಗುತ್ತಾ?

ಸ್ವಲ್ಪ ಮಟ್ಟಿಗೆ ಆಗುತ್ತೆ. ಗ್ರೀಕರು ಸ್ವರಾನ ಅಕ್ಷರಗಳಲ್ಲಿ ಬರೀತಿದ್ರು, ಹಾಡಿಗೊಂದು ಲಿಪಿ, ವಾದ್ಯಕ್ಕೊಂದು ಲಿಪಿ. ಹಾಗೆ ಉಳಿದಿರೋದು ಸುಮಾರು 60 ತುಣುಕು, ಜಾಸ್ತಿ ಹರಿದವೇ. ಡೆಲ್ಫಿಯಲ್ಲಿ ಅಥೆನ್ಸಿನವರ ಖಜಾನೆಯ ಗೋಡೆ ಮೇಲೆ ಅಪೊಲೊಗೆ ಹಾಡಿದ ಎರಡು ಸ್ತುತಿ ಸ್ವರ ಸಮೇತ ಕೆತ್ತಿದ್ದು 1893ರಲ್ಲಿ ಸಿಕ್ತು, ಒಂದಕ್ಕೆ ಹಾಡಿನ ಲಿಪಿ, ಇನ್ನೊಂದಕ್ಕೆ ವಾದ್ಯದ ಲಿಪಿ. ಪೂರ್ತಿ ಉಳಿದಿರೋದು ಸೈಕಿಲೋಸ್ ಅನ್ನೋನು ನಿಲ್ಲಿಸಿದ ಸಮಾಧಿ ಕಲ್ಲಿನ ಹಾಡು, ಇವತ್ತಿನ ಟರ್ಕಿಯ ಐದಿನ್ ಹತ್ತಿರದ್ದು, ಈಗ ಕೋಪನ್‌ಹೇಗನ್‌ನಲ್ಲಿದೆ. ಬದುಕಿರುವಷ್ಟು ದಿನ ಬೆಳಗು, ದುಃಖ ಪಡಬೇಡ, ಆಯಸ್ಸು ಚಿಕ್ಕದು, ಕಾಲ ತನ್ನ ಪಾಲು ಕೇಳುತ್ತೆ, ಇಷ್ಟೇ ಅದರ ಅರ್ಥ. ನನ್ನ ಬುರುಡೆ ಲೈರಾದಲ್ಲಿ ಮೊದಲು ಶ್ರುತಿ ಮಾಡಿದ್ದು ಇದಕ್ಕೇ.

ಕೇಳುವಾಗ ಒಂದೇ ಒಂದು ನೆನಪಿರಲಿ, ಇಲ್ಲಿ ತಂತಿ ಇರೋದು ಮಾತಿಗೋಸ್ಕರ. ಗಮಕಿಗಳು ಕುಮಾರವ್ಯಾಸ ವಾಚಿಸುವಾಗ ರಾಗ ಪದ್ಯವನ್ನ ಹೇಗೆ ಹೊತ್ತುಕೊಂಡು ಹೋಗುತ್ತೋ ಹಾಗೆ, ಇಲ್ಲೂ ಮಾತು ಮುಂದೆ, ತಂತಿ ಅದರ ಹೆಗಲಿಗೆ ಹೆಗಲು. ಬರೀ ವಾದ್ಯದ ಚಮತ್ಕಾರ ಹುಡುಕಿದ್ರೆ ನಿರಾಸೆ ಆಗುತ್ತೆ.

ಎಲ್ಲಕ್ಕಿಂತ ಹಳೇದು ಯಾವುದು?

ಗ್ರೀಕ್ ನೆಲದಲ್ಲಿ ಅಂದ್ರೆ ಕೇರೋಸ್ ದ್ವೀಪದ ಅಮೃತಶಿಲೆಯ ಹಾರ್ಪ್ ವಾದಕ, ಕ್ರಿ.ಪೂ. 3ನೇ ಸಹಸ್ರಮಾನದ್ದು, ಅಥೆನ್ಸಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಎತ್ತರ 22.5 ಸೆಂ.ಮೀ., ನಮ್ಮ ಲೆಕ್ಕದಲ್ಲಿ ಒಂದು ಗೇಣು. ಕುರ್ಚಿ ಮೇಲೆ ಕೂತು ಮುಖ ಆಕಾಶಕ್ಕೆ ಎತ್ತಿದ್ದಾನೆ, ಹಾರ್ಪ್‌ನಲ್ಲಿ ತಂತಿ ಕೆತ್ತಿಲ್ಲ, ಆದ್ರೂ ನುಡಿಸ್ತಿದ್ದಾನೆ ಅನ್ನೋದರಲ್ಲಿ ಅನುಮಾನಾನೇ ಬರಲ್ಲ.

ಕನ್ನಡಕ್ಕೂ ಇದಕ್ಕೂ ಏನಾದ್ರೂ ಸಂಬಂಧ?

ತಂತಿವಾದ್ಯಕ್ಕೆ ನೇರ ಸಂಬಂಧ ಇಲ್ಲ. ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತಿದೆ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದ್ರು, ಗೋವಿಂದ ಪೈ ಅವರೂ ಅದರ ಬಗ್ಗೆ ಬರೆದರು, ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಅದರಲ್ಲಿ ಬರೋ ವಾದ್ಯದ ಸೂಚನೆಗಳು ಡೋಲು, ತಾಳದವು.

ಮಕ್ಕಳಿಗೆ ಲೈರಾ ತೋರಿಸೋಕೆ ಸುಲಭ ದಾರಿ?

ಸೆಪ್ಟೆಂಬರ್‌ನಲ್ಲಿ ಮೋಡ ಇಲ್ಲದ ರಾತ್ರಿ ಎಂಟರ ಹೊತ್ತಿಗೆ ಮಹಡಿ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ತಲೆ ಚೆನ್ನಾಗಿ ಮೇಲೆತ್ತೋಕೆ ಹೇಳಿ. ಬೆಳ್ಳಗೆ ಹೊಳೆಯೋ ನಕ್ಷತ್ರ ನಮ್ಮ ಅಭಿಜಿತ್. ಅದರ ಪಕ್ಕದಲ್ಲೇ ನಾಲ್ಕು ಮಂಕು ಚುಕ್ಕಿ, ವಾಲಿದ ಪುಟ್ಟ ಚೌಕದ ಹಾಗೆ. ಇವೆಲ್ಲ ಸೇರಿದ್ದೇ ಲೈರಾ ಅನ್ನೋ ನಕ್ಷತ್ರಪುಂಜ. ಪುರಾಣದ ಹಾಡುಗಾರ ಆರ್ಫಿಯಸ್ ಸತ್ತ ಮೇಲೆ ಅವನ ಲೈರಾನ ಅಲ್ಲಿಟ್ರು ಅಂತ ಗ್ರೀಕರು ಹೇಳ್ತಿದ್ದಿದ್ದು ಅದನ್ನೇ.